ಪ್ಲಗ್ ಇಲ್ಲದ ಪುಟ್ಟ ಇಂಜಿನ್‌ಗೆ ಕೈಗುಣ ಬೇಕಾ?

"ಮಾವ, ನಂಗೆ ಕೈಗುಣ ಇಲ್ಲ ಕಾಣ್ತದೆ."

ಏಪ್ರಿಲ್ ರಜೆಯಲ್ಲಿ ತಂಗಿಯ ಮಗಳು ಹೀಗೆ ಹೇಳಿ ಮುಖ ಸಣ್ಣ ಮಾಡಿಕೊಂಡಳು. ಉಡುಪಿಯ ನಮ್ಮ ಮನೆಯ ಹಿಂದಿನ ಅಂಗಳ. ಹಲಸಿನ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ ಹಳೆ ಮಾಡೆಲ್ ವಿಮಾನದ ಇಂಜಿನ್. ಅರ್ಧ ಗಂಟೆಯಿಂದ ಅವಳು ಪ್ರೊಪೆಲ್ಲರ್ ತಿರುಗಿಸುತ್ತಲೇ ಇದ್ದಳು. ಇಂಜಿನ್ ಒಮ್ಮೆ ಕೆಮ್ಮಲೂ ಇಲ್ಲ. ನಾನು ಬಂದು ಎರಡು ಸಲ ಹೊಡೆದೆ, ಹೊತ್ತಿಕೊಂಡಿತು. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಅಜ್ಜ "ಅದಕ್ಕೆಲ್ಲ ಕೈಗುಣ ಬೇಕು ಮಗಾ" ಎಂದರು. ಅವಳು ನಂಬಿಬಿಟ್ಟಳು.

ನನಗೆ ಬೇಸರವಾಗಿದ್ದು ಇದಕ್ಕೇ. ಉಪ್ಪಿನಕಾಯಿ ಹಾಕುವುದಕ್ಕೆ, ಮಲ್ಲಿಗೆ ಗಿಡ ನೆಡುವುದಕ್ಕೆ, ಮದ್ದು ಕೊಡುವುದಕ್ಕೆ ಕೈಗುಣ ಬೇಕು ಎನ್ನುತ್ತೇವೆ. ಅದು ಪ್ರೀತಿಯ ಮಾತು, ಇರಲಿ. ಆದರೆ ಹದಿಮೂರು ವರ್ಷದ ಹುಡುಗಿ "ಇದು ನನ್ನಿಂದ ಆಗುವುದಲ್ಲ" ಅಂತ ಎದ್ದು ಹೋದರೆ ಅದು ನಷ್ಟ. ಈ ಇಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಬಿಸಿ. ಆ ಬಿಸಿ ಬರುವುದು ಬೆರಳಿನ ವೇಗದಿಂದ. ಲೆಕ್ಕ ಹಾಕಿಯೇ ತೋರಿಸಬಹುದು.

ಮೊದಲು ಇಂಜಿನ್ ಯಾವುದು ಅಂತ ಹೇಳುತ್ತೇನೆ. ಇದು ಮಿಲ್ಸ್ ಮಾದರಿಯದು. ಮೂಲ ಮಿಲ್ಸ್ ಇಂಜಿನ್‌ಗಳು ಇಂಗ್ಲೆಂಡಿನ ವೋಕಿಂಗ್ ಊರಿನವು. ಮಿಲ್ಸ್ ಬ್ರದರ್ಸ್ ಕಂಪನಿ 1946ರಲ್ಲಿ 1.3 ಸಿಸಿ ಇಂಜಿನ್ ತಂದಿತು. ಆಮೇಲೆ 0.75 ಸಿಸಿಯ ತಮ್ಮ ಬಂದ. ಹೊತ್ತಿಸಲು ಸುಲಭ ಎಂದು ಅದು ಎಷ್ಟು ಹೆಸರು ಮಾಡಿತೆಂದರೆ, ಇಂಗ್ಲೆಂಡಿನಲ್ಲಿ ತಯಾರಿ ನಿಂತ ಮೇಲೂ ನಮ್ಮ ಕೋಲ್ಕತ್ತಾದಲ್ಲಿ ಅರೋರಾ ಹೆಸರಿನಲ್ಲಿ ಅದರ ಪ್ರತಿರೂಪ ತಯಾರಾಯಿತು. ನನ್ನದು ಅಂಥದ್ದೇ ಒಂದು. ಮಂಗಳೂರು ಬಂದರಿನ ಗುಜರಿ ಅಂಗಡಿಯಲ್ಲಿ, ಸ್ಕ್ರೂ ತುಂಬಿದ ಬಿಸ್ಕತ್ ಡಬ್ಬಿಯೊಳಗೆ ಸಿಕ್ಕಿತು. 0.75 ಸಿಸಿ ಎಂದರೆ ಡ್ರಾಪರ್‌ನಲ್ಲಿ ಸುಮಾರು 15 ಹನಿ ನೀರು. ಪಿಸ್ಟನ್ ಒಂದು ಸಲ ಗುಡಿಸುವ ಜಾಗ ಅಷ್ಟೇ.

ಟೂ ಸ್ಟ್ರೋಕ್ ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ಹೇಳುವುದಿಲ್ಲ. ಹಳೆ ಸ್ಕೂಟರ್ ಒದ್ದವರಿಗೆಲ್ಲ ಅದು ಗೊತ್ತು. ನೋಡಲು ಬಂದವರೆಲ್ಲ ಕೇಳುವುದು ಬೇರೆ ಪ್ರಶ್ನೆ: "ಪ್ಲಗ್ ಎಲ್ಲಿದೆ?"

ಪ್ಲಗ್ ಇಲ್ಲ. ಬ್ಯಾಟರಿ ಇಲ್ಲ. ಕಾಯಿಲ್ ಇಲ್ಲ. ಸ್ವಲ್ಪ ತಿಳಿದವರು "ಗ್ಲೋ ಪ್ಲಗ್ ಇರಬೇಕು" ಎನ್ನುತ್ತಾರೆ. ಅದು ಬೇರೆ ಜಾತಿ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಮಾರುಕಟ್ಟೆಗೆ ತಂದದ್ದು. ಅದರಲ್ಲಿ ಪ್ಲಾಟಿನಂ ತಂತಿಯ ಪುಟ್ಟ ಸುರುಳಿ ಇದೆ. ಶುರುವಿಗೆ ಮಾತ್ರ ಬ್ಯಾಟರಿ ಕೊಟ್ಟು ಕೆಂಪಾಗಿಸಬೇಕು. ಆಮೇಲೆ ಸಿಲಿಂಡರಿನ ಉರಿಯೂ, ಪ್ಲಾಟಿನಂ ಮೇಲೆ ಮೆಥನಾಲ್ ಆವಿ ಉರಿಯುವ ಬಿಸಿಯೂ ಸೇರಿ ಅದನ್ನು ಕೆಂಪಗೇ ಇಡುತ್ತವೆ. ಬಿಸಿ ಪ್ಲಾಟಿನಂ ತಂತಿ ಜ್ವಾಲೆಯೇ ಇಲ್ಲದೆ ಆವಿಯನ್ನು ಉರಿಸುತ್ತಾ ಹೊಳೆಯುವುದನ್ನು ಹಂಫ್ರಿ ಡೇವಿ 1817ರಲ್ಲೇ ತೋರಿಸಿದ್ದ. ಚಂದದ ವಿಷಯ. ಆದರೆ ನನ್ನ ಮಿಲ್ಸ್‌ನಲ್ಲಿ ಅದೂ ಇಲ್ಲ. ಅಲ್ಲಿರುವುದು ಬರೀ ಒತ್ತಡ.

ಸೈಕಲ್‌ಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುತ್ತದೆ ಅಲ್ವಾ? ಉಜ್ಜಾಟದಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ಉಜ್ಜಾಟದ್ದು ಸಣ್ಣ ಪಾಲು. ಗಾಳಿಯನ್ನು ಒತ್ತಿದಾಗ ನಮ್ಮ ತೋಳಿನ ಶ್ರಮ ಗಾಳಿಯ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಅದರ ಹದಿನಾರನೇ ಒಂದು ಜಾಗಕ್ಕೆ ಒತ್ತಿ, ಬಿಸಿ ಎಲ್ಲೂ ಹೊರಗೆ ಹೋಗದ ಹಾಗೆ ನೋಡಿಕೊಂಡರೆ, ಅದು ಲೆಕ್ಕದ ಪ್ರಕಾರ 640 ಡಿಗ್ರಿ ದಾಟುತ್ತದೆ. ಆಗ್ನೇಯ ಏಷ್ಯಾದ ಕಾಡಿನ ಜನ ಬಿದಿರು, ಕೊಂಬುಗಳಲ್ಲಿ ಕೊಳವೆ ಮಾಡಿ, ಒಳಗೆ ಪಿಸ್ಟನ್ ಇಟ್ಟು, ಅಂಗೈಯಿಂದ ಒಂದೇ ಏಟು ಹೊಡೆದು ಬೆಂಕಿ ಮಾಡುತ್ತಿದ್ದರು. ತುದಿಯಲ್ಲಿಟ್ಟ ಒಣ ನಾರು ಕೆಂಡವಾಗುತ್ತಿತ್ತು. ರುಡಾಲ್ಫ್ ಡೀಸೆಲ್‌ನ ಇಂಜಿನ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಗೆದ್ದಿತು. ಇದು ಅದಕ್ಕಿಂತ ಬಹಳ ಹಿಂದಿನ ಮಾತು.

"ಬಿಸಿ ಹೊರಗೆ ಹೋಗದ ಹಾಗೆ" ಎಂದೆನಲ್ಲ, ಪೂರಾ ಕಥೆ ಅಲ್ಲೇ ಇದೆ. ಬಿಸಿ ಹೋಗಿಯೇ ಹೋಗುತ್ತದೆ. ಪುಟ್ಟ ಇಂಜಿನ್‌ನಲ್ಲಂತೂ ವಿಪರೀತ ಹೋಗುತ್ತದೆ. ಪಾತ್ರೆ ತುಂಬಾ ಇದ್ದ ಗಂಜಿ ಗಂಟೆಗಟ್ಟಲೆ ಬಿಸಿ ಇರುತ್ತದೆ, ಚಮಚದಲ್ಲಿ ತೆಗೆದರೆ ಊದುವಷ್ಟರಲ್ಲಿ ಆರುತ್ತದೆ. ಸಣ್ಣದಾದಷ್ಟೂ ಒಳಗಿನ ಸರಕಿಗೆ ಹೋಲಿಸಿದರೆ ಗೋಡೆ ಜಾಸ್ತಿ. ನಮ್ಮ ಬಸ್ಸಿನ ಇಂಜಿನ್‌ನ ಒಂದು ಸಿಲಿಂಡರ್ ಸುಮಾರು ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ಅದಕ್ಕೆ ಹೋಲಿಸಿದರೆ ಮಿಲ್ಸ್‌ನೊಳಗಿನ ಪ್ರತಿ ಹನಿ ಗಾಳಿಗೆ ತಾಗುವ ತಣ್ಣನೆಯ ಗೋಡೆ 11 ಪಟ್ಟು. ಇದರ ಜೊತೆ ಪಿಸ್ಟನ್ ಪಕ್ಕದಿಂದ ಸ್ವಲ್ಪ ಗಾಳಿಯೂ ನುಸುಳುತ್ತದೆ. ಇದರಲ್ಲಿ ರಿಂಗ್ ಇಲ್ಲ. ಪಿಸ್ಟನ್ನನ್ನು ಸಿಲಿಂಡರಿಗೆ ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿ ಕೂರಿಸಿರುತ್ತಾರೆ. ಉಳಿದ ಸಂದನ್ನು ಎಣ್ಣೆ ಮುಚ್ಚುತ್ತದೆ.

ಹಾಗಾದರೆ ಇದು ತೂತು ಕೊಡಪಾನ. ಬಾವಿಯಿಂದ ಮನೆಗೆ ತೂತು ಕೊಡಪಾನದಲ್ಲಿ ನೀರು ತರಬೇಕಾದರೆ ಏನು ಮಾಡುತ್ತೀರಿ? ಓಡುತ್ತೀರಿ. ಮೆಲ್ಲ ನಡೆದರೆ ಮನೆಗೆ ಮುಟ್ಟುವಾಗ ಖಾಲಿ. ಓಡಿದರೆ ಅರ್ಧವಾದರೂ ಉಳಿಯುತ್ತದೆ. ಇಂಜಿನ್ ಓಡತೊಡಗಿದ ಮೇಲೆ ಈ ಚಿಂತೆ ಇಲ್ಲ. ನಿಮಿಷಕ್ಕೆ 8,000 ಸುತ್ತು ಎಂದರೆ ಸೆಕೆಂಡಿಗೆ 133 ಸಲ ಉರಿ. ಸೋರಲು ಪುರುಸೊತ್ತೇ ಸಿಗುವುದಿಲ್ಲ. ಕಷ್ಟ ಇರುವುದು ಮೊದಲ ಉರಿಗೆ, ಅಂದರೆ ನಮ್ಮ ಬೆರಳಿನ ಪಾಳಿಯಲ್ಲಿ.

ಕಂಬಳ ನೋಡಿದವರಿಗೆ ಇನ್ನೂ ಚೆನ್ನಾಗಿ ಹೇಳಬಹುದು. ಕನೆಹಲಗೆ ವಿಭಾಗದಲ್ಲಿ ಕೋಣ ಗೆರೆ ದಾಟಿದರೆ ಸಾಲದು. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಅದೇ ಕೋಣ, ಅದೇ ಹಲಗೆ, ಅದೇ ಕೆಸರು ನೀರು. ಮೆಲ್ಲ ಓಡಿದರೆ ನೀರು ಮೊಣಕಾಲಿನ ಮಟ್ಟಕ್ಕೆ ಹಾರುತ್ತದೆ, ವೇಗ ಇದ್ದರೆ ಮಾತ್ರ ಆರೂವರೆ ಕೋಲು, ಏಳೂವರೆ ಕೋಲು. ನಮ್ಮ ಇಂಧನದಲ್ಲಿ ಈಥರ್ ಎಂಬ ಬೇಗ ಆವಿಯಾಗುವ ದ್ರವವೂ ಸೀಮೆಎಣ್ಣೆಯೂ ಬೆರೆತಿವೆ, ಹಾಗಾಗಿ ಇಲ್ಲೂ ಎರಡು ನಿಶಾನೆಗಳಿವೆ. ಈಥರ್ ತಾನಾಗಿ ಹೊತ್ತಿಕೊಳ್ಳುವುದು ಸುಮಾರು 160ರಿಂದ 180 ಡಿಗ್ರಿಯಲ್ಲಿ, ಅದು ಕೆಳಗಿನ ನಿಶಾನೆ. ಸೀಮೆಎಣ್ಣೆ 210ರ ಆಸುಪಾಸಿನಲ್ಲಿ, ಅದು ಮೇಲಿನದು. ಈ ಅಂಕಿಗಳು ಪಾತ್ರೆಯಲ್ಲಿ ಆವಿ ತುಂಬಿ, ಕಾದು ನೋಡಿ ಅಳೆದವು. ಇಂಜಿನ್‌ನೊಳಗೆ ಕಾಯಲು ಸಮಯ ಇಲ್ಲ, ಹಾಗಾಗಿ ಇದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ಒಮ್ಮೆ ಈಥರ್ ಹೊತ್ತಿಕೊಂಡಿತೋ, ಅದರ ಉರಿಗೇ ಸೀಮೆಎಣ್ಣೆಯೂ ಹೊತ್ತುತ್ತದೆ.

ಮಲ್ಪೆಯ ನಾಡದೋಣಿಯವರಿಗೆ ಈ ಉಪಾಯ ಹೊಸದಲ್ಲ. ಸೀಮೆಎಣ್ಣೆಯ ಔಟ್‌ಬೋರ್ಡ್ ಇಂಜಿನ್ ಅನ್ನು ಪೆಟ್ರೋಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಹಚ್ಚಲು ಒಂದು, ದುಡಿಯಲು ಇನ್ನೊಂದು. ನಮ್ಮಲ್ಲಿ ಎರಡೂ ಒಂದೇ ಬಾಟಲಿಯಲ್ಲಿ ಇರುತ್ತವೆ, ಅಷ್ಟೇ ವ್ಯತ್ಯಾಸ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಹೆಚ್ಚುಕಮ್ಮಿ ಸಮಪಾಲು.

ಅಂದಹಾಗೆ, ಇದನ್ನು ಮಾಡೆಲ್ ಡೀಸೆಲ್ ಎಂದು ಕರೆದರೂ ಇದು ನಿಜವಾದ ಡೀಸೆಲ್ ಅಲ್ಲ. ನಿಜವಾದ ಡೀಸೆಲ್‌ನಲ್ಲಿ ಬರೀ ಗಾಳಿಯನ್ನು ಒತ್ತಿ, ಕೊನೆಗೆ ಇಂಧನ ಸಿಂಪಡಿಸುತ್ತಾರೆ. ಇದರಲ್ಲಿ ಗಾಳಿ, ಇಂಧನ ಬೆರೆತೇ ಒಳಗೆ ಬರುತ್ತವೆ. ಕಾರಿನ ಇಂಜಿನಿಯರುಗಳು ಇದಕ್ಕೆ ಹೋಮೊಜೀನಿಯಸ್ ಚಾರ್ಜ್ ಕಂಪ್ರೆಶನ್ ಇಗ್ನಿಶನ್ ಎಂಬ ಉದ್ದ ಹೆಸರಿಟ್ಟು, ಹತೋಟಿಗೆ ತರಲು ಹೆಣಗಿದ್ದಾರೆ. ಶಾಲಾ ಹುಡುಗರು 1940ರ ದಶಕದಿಂದ ಅದನ್ನೇ ಬೆರಳಲ್ಲಿ ಹೊತ್ತಿಸುತ್ತಿದ್ದಾರೆ. ಹತೋಟಿ ತಲೆಯ ಮೇಲಿನ ಸ್ಕ್ರೂ ಒಂದರಲ್ಲಿದೆ. ಸಿಲಿಂಡರಿನ ಮೇಲ್ತುದಿಯಲ್ಲಿ ಕಾಂಟ್ರಾ ಪಿಸ್ಟನ್ ಎಂಬ ಇನ್ನೊಂದು ಪಿಸ್ಟನ್ ಇದೆ. ಸ್ಕ್ರೂ ಬಿಗಿ ಮಾಡಿದರೆ ಅದು ಕೆಳಗಿಳಿದು ಜಾಗ ಕಿರಿದಾಗುತ್ತದೆ, ಉರಿ ಬೇಗ ಹತ್ತುತ್ತದೆ. ಜಾಸ್ತಿ ಬಿಗಿಯಾದರೆ ಇಂಜಿನ್ ಏದುಸಿರು ಬಿಡುತ್ತದೆ, ಬಡಿಯುತ್ತದೆ. ಸಡಿಲವಾದರೆ ತಪ್ಪಿ ತಪ್ಪಿ ಉರಿಯುತ್ತದೆ. ಕಿವಿ ಕೊಟ್ಟರೆ ತಿಳಿಯುತ್ತದೆ.

ಹರಳೆಣ್ಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮಗೆ ಅದು ಬೇಧಿಗೆ, ತಲೆಗೆ. ಆದರೆ ಅದರ ಬಹುಪಾಲು ರಿಸಿನೋಲಿಯಿಕ್ ಆಮ್ಲ. ಆ ಅಣುವಿಗೆ ಒಂದು ಹೆಚ್ಚಿನ ಕೊಕ್ಕೆ ಇದೆ. ಆ ಕೊಕ್ಕೆಯಿಂದ ಅದು ಲೋಹಕ್ಕೆ ಅಂಟಿಕೊಂಡು ಕೂರುತ್ತದೆ. ಬೇರೆ ಎಣ್ಣೆ ಆವಿಯಾಗುವ ಬಿಸಿಯಲ್ಲಿ ಇದು ಗಟ್ಟಿಯಾಗುತ್ತಾ ಇನ್ನೂ ಅಂಟುತ್ತದೆ. ಪೆಟ್ರೋಲ್ ಇದನ್ನು ಸುಲಭಕ್ಕೆ ತೊಳೆಯಲಾರದು. ಅದಕ್ಕೇ ಮೊದಲ ಮಹಾಯುದ್ಧದ ನೋಮ್, ಲೆ ರೋನ್ ವಿಮಾನ ಇಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಆ ಇಂಜಿನ್‌ಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತಿದ್ದವು. ಕ್ಯಾಸ್ಟ್ರಾಲ್ ಎಂಬ ಹೆಸರಿನ ಒಳಗೂ ಕ್ಯಾಸ್ಟರ್ ಎಣ್ಣೆಯೇ ಇದೆ.

ಇದೇ ಅಂಟು ಮುಂದೆ ತಪ್ಪು ತಿಳಿವಳಿಕೆಗೆ ಕಾರಣ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಇಂಜಿನ್‌ನಲ್ಲಿ ಹರಳೆಣ್ಣೆ ಒಣಗಿ ಕಂದು ಮೇಣದಂತಾಗುತ್ತದೆ. ಪ್ರೊಪೆಲ್ಲರ್ ಅಲುಗುವುದಿಲ್ಲ. ಗುಜರಿಯವರು "ಜಾಮ್ ಆಗಿದೆ ಮಾರಾಯ್ರೆ, ತೂಕಕ್ಕೆ ಕೊಡ್ತೇನೆ" ಎನ್ನುತ್ತಾರೆ. ಕೊಂಡವರು ಸುತ್ತಿಗೆ, ಇಕ್ಕಳ ತರುತ್ತಾರೆ. ದಯವಿಟ್ಟು ಬೇಡ. ಹೇರ್ ಡ್ರೈಯರ್ ಹಿಡಿದು ಚೆನ್ನಾಗಿ ಬಿಸಿ ಮಾಡಿ, ಎರಡು ಹನಿ ತೆಳು ಎಣ್ಣೆ ಬಿಡಿ, ಮೆಲ್ಲ ಅಲುಗಿಸಿ, ಮತ್ತೆ ಬಿಸಿ ಮಾಡಿ. ನನ್ನದು ಮೂರನೇ ಸಂಜೆ ಬಿಟ್ಟಿತು. ಒಳಗೆ ಒಂದು ಗೀರೂ ಇರಲಿಲ್ಲ. ಇಷ್ಟು ವರ್ಷ ನಮ್ಮ ಕರಾವಳಿಯ ತೇವದಿಂದ ಅದನ್ನು ಕಾಪಾಡಿದ್ದು ಆ ಮೇಣವೇ.

ತೇವ ಎಂದಾಗ ನೆನಪಾಯಿತು. ಬೆಂಗಳೂರಿನ ಗೆಳೆಯರೊಬ್ಬರು ಚೆನ್ನಾಗಿ ಓಡುತ್ತಿದ್ದ ಇಂಜಿನ್ ಅನ್ನು ಇಲ್ಲಿಗೆ ತಂದರು. ಇಲ್ಲಿ ಅದು ಒದ್ದಾಡಿತು. "ಉಪ್ಪು ಗಾಳಿ ಆಗುವುದಿಲ್ಲ ಇದಕ್ಕೆ" ಎಂದರು. ಉಪ್ಪಿನ ಮಾತೇ ಅಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ನಮಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಇಲ್ಲಿ ಪ್ರತಿ ಸುತ್ತಿಗೆ ಜಾಸ್ತಿ ಗಾಳಿ ಒಳಗೆ ಬರುತ್ತದೆ. ಇಂಧನದ ಸೂಜಿಯನ್ನು ಸ್ವಲ್ಪ ತೆರೆದು, ತಲೆಯ ಸ್ಕ್ರೂ ಒಂದಿಷ್ಟು ಸಡಿಲಿಸಿದೆವು. ಸರಿಹೋಯಿತು. ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. 30 ಡಿಗ್ರಿಯ ತೇವದ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ನೀರಿನ ಆವಿಯೇ ಇರುತ್ತದೆ, ಅಷ್ಟು ಆಮ್ಲಜನಕಕ್ಕೆ ಜಾಗ ಕಡಿಮೆ.

ಈಗ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಬೆರಳಿಗೆ ಏಟು ಬೀಳುವ ಹೆದರಿಕೆ ಇತ್ತು. ಆ ಹೆದರಿಕೆ ಸರಿಯಾದದ್ದೇ. ಅದಕ್ಕೇ ಪ್ರೊಪೆಲ್ಲರ್ ಅನ್ನು ಮೆಲ್ಲ ದೂಡುತ್ತಿದ್ದಳು. ಕೊಡಪಾನ ದಾರಿಯಲ್ಲೇ ಖಾಲಿಯಾಗುತ್ತಿತ್ತು. ಮರುದಿನ ಬೆರಳಿಗೆ ದಪ್ಪ ಚರ್ಮದ ಕವಚ ಹೊಲಿದು ಕೊಟ್ಟೆ. ಅವಳು ರಪ್ಪನೆ ಹೊಡೆದಳು. ಆದರೂ ಹೊತ್ತಲಿಲ್ಲ. ನಾನು ಹೊಡೆದೆ. ಇಪ್ಪತ್ತು ಸಲ, ಮೂವತ್ತು ಸಲ. ಹಿಂದಿನ ದಿನ ಎರಡೇ ಏಟಿಗೆ ಹೊತ್ತಿಸಿದ್ದ ಕೈ ಇದೇ. ಏನೂ ಇಲ್ಲ.

ಬಾಟಲಿ ನೋಡಿದೆ. ಹಿಂದಿನ ಮಧ್ಯಾಹ್ನದಿಂದ ಅಂಗಳದ ಬಿಸಿಲಲ್ಲೇ ಇತ್ತು, ಮುಚ್ಚಳ ಸಡಿಲ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಅಷ್ಟು ಬಿಸಿ ಇರುತ್ತದೆ. ಒಲೆಯೇ ಬೇಡ, ಬಾಟಲಿಯಿಂದಲೇ ಆವಿಯಾಗಿ ಹೋಗಿತ್ತು. ಉಳಿದದ್ದು ಸೀಮೆಎಣ್ಣೆ, ಹರಳೆಣ್ಣೆ. ಕೆಳಗಿನ ನಿಶಾನೆಯೇ ಮಾಯ.

ಒಂದು ಎಚ್ಚರಿಕೆ ಹೇಳಲೇಬೇಕು. ಈಥರ್ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೆಲದ ಮೇಲೆ ಹರಿದುಕೊಂಡು ಹೋಗಿ, ಆಚೆ ಕೋಣೆಯ ದೇವರ ದೀಪಕ್ಕೂ ತಾಗಬಹುದು. ಮನೆಯೊಳಗೆ ಬೆರೆಸಲೇಬೇಡಿ. ಹಳೆ ಈಥರ್ ಗಾಳಿ ಬೆಳಕಿಗೆ ಸಿಕ್ಕಿ ಪೆರಾಕ್ಸೈಡ್ ಆಗುತ್ತದೆ, ಅದು ಸಿಡಿಯುವ ವಸ್ತು. ವರ್ಷಗಟ್ಟಲೆ ಇಟ್ಟ ಬಾಟಲಿಯನ್ನು ತೆರೆಯುವುದೂ ಬೇಡ. ಮಕ್ಕಳ ಕೈಗೆ ಬಾಟಲಿ ಕೊಡಬೇಡಿ, ಪ್ರೊಪೆಲ್ಲರ್ ಕೊಡಿ, ಪಕ್ಕದಲ್ಲಿ ನಿಲ್ಲಿ.

ಮೂರನೇ ದಿನ ಬೆಳಿಗ್ಗೆ ತಂಪು ಹೊತ್ತಲ್ಲಿ ಹೊಸ ಇಂಧನ ಬೆರೆಸಿದೆ. ಎಕ್ಸಾಸ್ಟ್ ಕಿಂಡಿಗೆ ಎರಡು ಹನಿ ಬಿಟ್ಟೆ. ಜಾಸ್ತಿ ಬಿಟ್ಟರೆ ದ್ರವ ಒತ್ತಲು ಆಗದೆ ಒಳಗಿನ ರಾಡ್ ಬಾಗುತ್ತದೆ, ಹಾಗಾಗಿ ಮೊದಲು ಮೆಲ್ಲ ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ಹೊಡೆದಳು. ಐದನೇ ಏಟಿಗೆ ಒಂದು ಕೆಮ್ಮು, ಹೊಗೆ. ಏಳನೇ ಏಟಿಗೆ ಕಿರ್ರೆಂದು ಹಿಡಿದುಕೊಂಡಿತು. ಹರಳೆಣ್ಣೆ ಸುಟ್ಟ ವಾಸನೆ ಅಂಗಳ ತುಂಬಿತು.

ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಳು: ಬೆಳಿಗ್ಗೆ 28 ಡಿಗ್ರಿ. ಎರಡು ಹನಿ. ಸ್ಕ್ರೂ ಕಾಲು ಸುತ್ತು ಒಳಗೆ, ಬಿಸಿಯಾದ ಮೇಲೆ ಕಾಲು ಸುತ್ತು ಹೊರಗೆ. ನಾನು, ಏಳನೇ ಏಟು. ಮಾವ, ಆರನೇ ಏಟು. ಆಮೇಲೆ ಚರ್ಮದ ಕವಚವನ್ನು ಕಟ್ಟೆಯ ಹತ್ತಿರ ಒಯ್ದಳು. ಮೂರನೇ ಸಾಲು ಹೀಗಿದೆ: ಅಜ್ಜ, ನಾಲ್ಕನೇ ಏಟು.