ಮರದ ಗೂಡ್ಸ್ ಡಬ್ಬಿಯ ಹೊಟ್ಟೆಯಡಿ ಆ ಸರಳುಗಳೇಕೆ?

ಪ್ರಶ್ನೆ: ಅಮೆರಿಕದ ಕೊಲೊರಾಡೊ ಕಡೆಯ ಹಳೆಯ ಮರದ ಗೂಡ್ಸ್ ಡಬ್ಬಿಗಳ ಅಡಿಯಲ್ಲಿ ಉದ್ದಕ್ಕೂ ಕಬ್ಬಿಣದ ಸರಳುಗಳಿವೆ. ರೈಲಿನ ಎಳೆತ ತಡೆದುಕೊಳ್ಳುವುದು ಅವೇ ತಾನೆ?

ಉತ್ತರ: ಅಲ್ಲ. ಎಷ್ಟು ಸಲ ಅಲ್ಲವೆಂದರೂ ಈ ಪ್ರಶ್ನೆ ಅದೇ ವೇಷದಲ್ಲಿ ಮರಳಿ ಬರುತ್ತದೆ. ಈ ಸಲ ಉದ್ದಕ್ಕೇ ಹೇಳಿಬಿಡುತ್ತೇನೆ.

ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆಯ ಈ ಹಳಿಗಳದು 3 ಅಡಿ ಗೇಜು, ನಮ್ಮ ಮೀಟರ್ ಗೇಜಿಗಿಂತಲೂ ಕಿರಿದು. 1904ರಲ್ಲಿ ಅದಕ್ಕೆ ಬಂದ 3000 ಸರಣಿಯ 750 ಡಬ್ಬಿಗಳನ್ನೇ ನೋಡಿ: ಉದ್ದ 30 ಅಡಿ, ಹೇರಿಕೆ 25 ಟನ್. ಭಾರವೆಲ್ಲ ಉದ್ದುದ್ದ ಹಾಸಿದ ಮರದ ತೊಲೆಗಳ ಮೇಲೆ. ತೊಲೆಗಳಿಗೆ ಆಸರೆ ಎರಡೇ ಕಡೆ, ಗಾಲಿಗಳ ಚೌಕಟ್ಟಿನ ಮೇಲೆ. (ಬೋಗಿ ಎಂದರೆ ಆ ಚೌಕಟ್ಟು, ನಾವು ಇಡೀ ಡಬ್ಬಿಗೇ ಆ ಹೆಸರಿಟ್ಟು ಕೂತಿದ್ದೇವೆ.) ನಡು ಜೋತುಬೀಳದೆ ಇದ್ದೀತೆ?

ಸರಳು ಇರುವುದು ಅದಕ್ಕೆ. ಡಬ್ಬಿಯ ಒಂದು ತುದಿಯ ಅಡ್ಡತೊಲೆಗೆ ನಟ್ ಹಾಕಿ ಬಿಗಿದ ಸರಳು ಬೋಗಿಯ ಮೇಲೆ ಹಾದು, ಕೆಳಗಿಳಿದು, ತೊಲೆಯಡಿಯಿಂದ ಕೆಳಕ್ಕೆ ಚಾಚಿದ ಎರಡು ಗಿಡ್ಡ ಕಂಬಗಳ ಅಡಿ ಬಳಸಿ, ಮತ್ತೆ ಮೇಲೇರಿ ಇನ್ನೊಂದು ತುದಿ ಸೇರುತ್ತದೆ. ಬಿಲ್ಲಿನ ಹೆದೆ ನೆನೆಸಿಕೊಳ್ಳಿ. ಬಿಗಿದಷ್ಟೂ ಆ ಕಂಬಗಳು ತೊಲೆಯ ನಡುವನ್ನು ಮೇಲಕ್ಕೊತ್ತುತ್ತವೆ.

ಈಗ ಎಳೆತಕ್ಕೆ ಬರೋಣ. ಡಬ್ಬಿಗೆ ಡಬ್ಬಿ ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ಕೂತಿರುವುದು ಎಲ್ಲಿ? ನಡುವಿನ ಜೋಡಿ ತೊಲೆಗಳಿಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ತುಂಡುಗಳ ಮಧ್ಯೆ. ಎಂಜಿನ್ನಿನ ಸೆಳೆತ ಆ ತೊಲೆಗಳ ಮೂಲಕವೇ ಹಿಂದಿನ ಡಬ್ಬಿಗೆ ದಾಟುತ್ತದೆ. ನಮ್ಮ ಸರಳು ಕಪ್ಲಿಂಗನ್ನು ಮುಟ್ಟುವುದೂ ಇಲ್ಲ. ಹಿಂದಿನಿಂದ ನೂಕಿದಾಗಲೋ? ಹಗ್ಗದಿಂದ ಗಾಡಿ ನೂಕಲಾದೀತೆ? ಸರಳಿನ ಪಾಡೂ ಅಷ್ಟೆ. ಗುದ್ದನ್ನೆಲ್ಲ ಮರವೇ ತಿನ್ನಬೇಕು. ಎಂಜಿನ್ನುಗಳು ದೊಡ್ಡದಾದಂತೆ ತೊಲೆಗಳು ಸೀಳತೊಡಗಿದವು, ಉಕ್ಕಿನ ಚೌಕಟ್ಟು ಬಂದದ್ದು ಆಮೇಲೆ. ಕೆಲವು ಡಬ್ಬಿಗಳಲ್ಲಿ ಕಪ್ಲಿಂಗಿನಿಂದ ಕಪ್ಲಿಂಗಿಗೆ ನೆಟ್ಟಗೆ ಹೋಗುವ ಬೇರೆಯೇ ಸರಳಿತ್ತು, ಎಳೆಯುತ್ತಿದ್ದದ್ದು ಅದು. ನಡುವೆ ಕೆಳಗಿಳಿದು ಬಾಗಿರುವ ಸರಳು ಎಳೆಯುವುದಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಸರಳಿನ ನಡುವೆ ಕಾಣುವುದು ಟರ್ನ್‌ಬಕಲ್, ಸರಳಿನ ಎರಡು ತುಂಡುಗಳನ್ನು ಸೇರಿಸಿ ಬಿಗಿಯುವ ಉದ್ದನೆಯ ನಟ್. ಅದರ ಒಂದು ಬದಿ ಬಲಸುತ್ತಿನ ಥ್ರೆಡ್, ಇನ್ನೊಂದು ಬದಿ ಎಡಸುತ್ತಿನದು. ಸನ್ನೆಕೋಲು ತೂರಿಸಿ ತಿರುಗಿಸಿದರೆ ಎರಡು ಕಡೆಯೂ ಒಟ್ಟಿಗೆ ಬಿಗಿಯುತ್ತದೆ. ಮರ ಒಣಗಿ ಕುಗ್ಗಿದಂತೆ ಮತ್ತೆ ಬಿಗಿಯಬೇಕು. ಡಬ್ಬಿ ಖಾಲಿ ಇರಬೇಕು, ಪಕ್ಕದ ತೊಲೆಗುಂಟ ದಾರ ಹಿಡಿದು ನೋಡಬೇಕು, ಎಲ್ಲ ಸರಳುಗಳನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಒಂದನ್ನೇ ಪೂರ್ತಿ ಬಿಗಿದರೆ ಡಬ್ಬಿ ಸೊಟ್ಟಗಾಗುತ್ತದೆ. ಕೊನೆಗೆ ಟರ್ನ್‌ಬಕಲ್‌ನ ಸಂದಿಗೆ ಮರದ ತುಂಡು ತುರುಕಬೇಕು, ಇಲ್ಲವಾದರೆ ಓಟದ ಅದುರಿಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಬಿಗಿ ಹೆಚ್ಚಾದರೂ ಕಡಿಮೆಯಾದರೂ ಮೊದಲು ಗೊತ್ತಾಗುವುದು ಪಕ್ಕದ ಜಾರುಬಾಗಿಲಿನಲ್ಲಿ: ಅದು ಕಚ್ಚಿಕೊಳ್ಳುತ್ತದೆ. ಬಾಗಿಲೆಂದ ಮೇಲೆ, ಯಾರೂ ಕೇಳದಿದ್ದರೂ ಇನ್ನೊಂದು: ಬಿಡಿ ಧಾನ್ಯ ತುಂಬುವಾಗ ಈ ಬಾಗಿಲನ್ನು ನಂಬುತ್ತಿರಲಿಲ್ಲ. ಒಳಗಿನಿಂದ ಬಾಗಿಲಕಂಬಗಳಿಗೆ ಹಲಗೆ ಹೊಡೆದು, ಮೇಲೆ ಬಿಟ್ಟ ಜಾಗದಿಂದ ಕಾಳು ಸುರಿಯುತ್ತಿದ್ದರು. ಇಳಿಸುವಾಗ ಹಲಗೆ ಕಿತ್ತರಾಯಿತು. ಅಂಥ ಡಬ್ಬಿಗಳ ಬಾಗಿಲಕಂಬದ ಒಳಮೈ ಜರಡಿಯಾಗಿರುವುದು ಆ ಮೊಳೆಗಳಿಂದ, ಗೆದ್ದಲಿನಿಂದಲ್ಲ.