ವಾರ್ ಫೈಲ್ ಬಂತು, ಕೃಷ್ಣಪ್ಪ ಬರಲಿಲ್ಲ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಫೋನ್. "ಮೇಡಂ, ಸದಸ್ಯರ ಪಟ್ಟಿಯಲ್ಲಿ ಹೆಸರೆಲ್ಲ ಪ್ರಶ್ನೆ ಚಿಹ್ನೆ ಬರ್ತಿದೆ. ನಾವು ಏನೂ ಮುಟ್ಟಿಲ್ಲ."

"ಏನೂ ಮುಟ್ಟಿಲ್ಲ" ಅನ್ನುವ ಮಾತನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಈ ಸಲ ಅದು ನಿಜವಾಗಿತ್ತು.

ಅದೊಂದು ಸಹಕಾರ ಸಂಘ. ಜಾವಾ 8ರ ಅಪ್ಲಿಕೇಶನ್, ವಿಂಡೋಸ್ ಸರ್ವರ್‌ನ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ತಂತ್ರಾಂಶ) ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಲೈಸೆನ್ಸ್ ಖರ್ಚು ಉಳಿಸಲು ಲಿನಕ್ಸ್‌ಗೆ ಹೋದರು. ಅಲ್ಲಿನ ಹುಡುಗ ಚುರುಕು. ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿದ ಗಂಟು) ಕಾಪಿ ಮಾಡಿದ, ಟಾಮ್‌ಕ್ಯಾಟ್ ಸ್ಟಾರ್ಟ್ ಮಾಡಿದ, ಓಡಿತು. ನಾಲ್ಕು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಶನಿವಾರ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಸರ್ವರ್ ಆಫ್ ಆಗಿ ಮತ್ತೆ ಆನ್ ಆಯಿತು. ಸೋಮವಾರ ಬಂದು ನೋಡಿದರೆ ಕೃಷ್ಣಪ್ಪ ಇರುವ ಜಾಗದಲ್ಲಿ ಎಂಟು ಪ್ರಶ್ನೆ ಚಿಹ್ನೆ. (ಹೆಸರು ಬದಲಿಸಿದ್ದೇನೆ. ಲೆಕ್ಕ ಮಾತ್ರ ಸರಿಯಾಗಿದೆ. ಕಣ್ಣಿಗೆ ಮೂರೇ ಅಕ್ಷರ ಕಂಡರೂ ಯೂನಿಕೋಡ್‌ನಲ್ಲಿ "ಕೃಷ್ಣಪ್ಪ" ಅಂದರೆ ಎಂಟು ಸಂಕೇತ: ಸ್ವರಚಿಹ್ನೆ ಒಂದು, ಒತ್ತಕ್ಷರ ಕೂಡಿಸುವ ಹಲಂತ ಎರಡು ಸೇರಿ.)

ನನಗೆ ಸಿಟ್ಟು ಬರಿಸುವ ನಂಬಿಕೆ ಒಂದೇ. "ಜಾವಾ ಅಲ್ವಾ ಮೇಡಂ, ಎಲ್ಲಿ ಹಾಕಿದರೂ ಓಡುತ್ತೆ." 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರತಂದಾಗ ಕೊಟ್ಟ ಭರವಸೆಯೂ ಅದೇ: ಒಮ್ಮೆ ಬರೆ, ಎಲ್ಲಾದರೂ ಓಡಿಸು. ಸುಳ್ಳಲ್ಲ. ಬೈಟ್‌ಕೋಡ್, ಅಂದರೆ ಜಾವಾ ನಿಮ್ಮ ಕೋಡನ್ನು ಅನುವಾದಿಸಿಟ್ಟ ರೂಪ, ಓಡುತ್ತದೆ. ಆದರೆ ನಿಮ್ಮ ಅಪ್ಲಿಕೇಶನ್ ಅಂದರೆ ಬರೀ ಬೈಟ್‌ಕೋಡ್ ಅಲ್ಲ. ದೋಸೆ ಹಿಟ್ಟನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಬಹುದು, ಕಾವಲಿ ಮಾತ್ರ ಹೋದ ಮನೆಯದ್ದೇ.

ಈ ಕಾವಲಿ ವಿಷಯವನ್ನೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ನಿಮ್ಮ ಕೋಡ್ ಒಂದು ಫೈಲ್ ಬರೆಯುತ್ತದೆ. ಅಕ್ಷರವನ್ನು ಬೈಟ್ ಮಾಡಬೇಕು. ಯಾವ ಲೆಕ್ಕದಲ್ಲಿ (ಇದಕ್ಕೇ ಎನ್‌ಕೋಡಿಂಗ್ ಅನ್ನುವುದು)? ನೀವು ಹೇಳದಿದ್ದರೆ ಜಾವಾ ತಾನೇ ಒಂದು ಲೆಕ್ಕ ಹಿಡಿಯುತ್ತದೆ. ಜಾವಾ 17ರವರೆಗೆ ಅದು ಕೇಳುತ್ತಿದ್ದುದು ಕೆಳಗಿನ ಆಪರೇಟಿಂಗ್ ಸಿಸ್ಟಮ್ಮನ್ನು. ನಮ್ಮಲ್ಲಿನ ಸಾಮಾನ್ಯ ಇಂಗ್ಲಿಷ್ ವಿಂಡೋಸ್ ಆದರೆ ಉತ್ತರ ವಿಂಡೋಸ್ 1252. ಅದರಲ್ಲಿ ಕನ್ನಡವೇ ಇಲ್ಲ. ಲಿನಕ್ಸ್ ಆದರೆ ಉತ್ತರ ಒಂದೇ ಅಲ್ಲ. ಅದು ಲ್ಯಾಂಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮ್ ಸ್ಟಾರ್ಟ್ ಆಗುವಾಗ ಅದಕ್ಕೆ ಸಿಗುವ ಸೆಟ್ಟಿಂಗ್) ನೋಡಿ ಹೇಳುತ್ತದೆ. ಅದರಲ್ಲಿ ಯುಟಿಎಫ್-8 (ಕನ್ನಡಕ್ಕೂ ಜಾಗವಿರುವ ಲೆಕ್ಕ) ಇದ್ದರೆ ಬಚಾವ್. ಏನೂ ಇಲ್ಲದಿದ್ದರೆ ಹಳೇ ಆಸ್ಕಿ, 128 ಸಂಕೇತ ಅಷ್ಟೇ. ಕೃಷ್ಣಪ್ಪನಿಗೆ ಅಲ್ಲಿ ಜಾಗವಿಲ್ಲ. ಜಾಗವಿಲ್ಲದ ಪ್ರತಿ ಸಂಕೇತಕ್ಕೂ ಜಾವಾ ಒಂದು ಪ್ರಶ್ನೆ ಚಿಹ್ನೆ ಬರೆದು ಮುಂದೆ ಹೋಗುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಮತ್ತೆ ವಿಂಡೋಸ್‌ನಲ್ಲಿ ಹೇಗೆ ಸರಿಯಾಗಿತ್ತು? ಹಿಂದೆ ಯಾರೋ ಪುಣ್ಯಾತ್ಮರು ಟಾಮ್‌ಕ್ಯಾಟ್ ಸರ್ವಿಸ್‌ನ ಜಾವಾ ಆಪ್ಷನ್ಸ್‌ನಲ್ಲಿ ಫೈಲ್.ಎನ್‌ಕೋಡಿಂಗ್ ಯುಟಿಎಫ್-8 ಅಂತ ಹಾಕಿಟ್ಟಿದ್ದರು. ಅದು ಇದ್ದದ್ದು ಆ ಯಂತ್ರದಲ್ಲಿ, ವಾರ್ ಫೈಲ್‌ನಲ್ಲಲ್ಲ. ಹಾಗಾಗಿ ಕಾಪಿ ಮಾಡಿದಾಗ ಬರಲಿಲ್ಲ. ಲಿನಕ್ಸ್‌ನಲ್ಲಿ ನಾಲ್ಕು ತಿಂಗಳು ಹೇಗೆ ನಡೆಯಿತು? ಹುಡುಗ ತನ್ನ ಲಾಗಿನ್‌ನಿಂದ ಕೈಯಾರೆ ಸ್ಟಾರ್ಟ್ ಮಾಡಿದ್ದ. ಅವನ ಲಾಗಿನ್‌ನಲ್ಲಿ ಲ್ಯಾಂಗ್ ಸರಿಯಾಗಿತ್ತು. ಕರೆಂಟ್ ಹೋಗಿ ಬಂದಾಗ ಸ್ಟಾರ್ಟ್ ಮಾಡಿದ್ದು ಅವನಲ್ಲ, ಅವನೇ ಬರೆದಿಟ್ಟಿದ್ದ ಕ್ರಾನ್ ಸಾಲು. (ಕ್ರಾನ್ ಅಂದರೆ ಲಿನಕ್ಸ್‌ನಲ್ಲಿ ಹೇಳಿಟ್ಟ ಕೆಲಸವನ್ನು ತಾನೇ ಶುರು ಮಾಡುವ ವ್ಯವಸ್ಥೆ.) ಆ ಯಂತ್ರದ ಕ್ರಾನ್‌ಗೆ ಲ್ಯಾಂಗ್ ಗೊತ್ತೇ ಇರಲಿಲ್ಲ. ಅದೇ ಯಂತ್ರ, ಅದೇ ಜಾವಾ, ಅದೇ ವಾರ್. ಸ್ಟಾರ್ಟ್ ಮಾಡಿದ ಕೈ ಬೇರೆ.

"ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಇದೆ" ಅನ್ನುವವರಿಗೂ ಒಂದು ಮಾತು. ಕೋಡ್ ಬರೆಯುವ ಎಕ್ಲಿಪ್ಸ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಇದ್ದರೆ ಅದು ನಿಮ್ಮ ಪ್ರೋಗ್ರಾಮನ್ನು ಅದೇ ಸೆಟ್ಟಿಂಗ್ ಕೊಟ್ಟು ಓಡಿಸುತ್ತದೆ. ನಿಮಗೆ ಹೇಳದೆ ಮಾಡುವ ಉಪಕಾರ. ಸರ್ವರ್ ಅಂಥ ಉಪಕಾರಕ್ಕೆ ಬರುವುದಿಲ್ಲ. ಕೋಡನ್ನು ವಾರ್ ಆಗಿ ಕಟ್ಟುವ ಮೇವನ್ ಮಾತ್ರ ಪಾಪ, ಎನ್‌ಕೋಡಿಂಗ್ ಹೇಳದಿದ್ದರೆ "ಈ ಬಿಲ್ಡ್ ಪ್ಲಾಟ್‌ಫಾರ್ಮ್ ಮೇಲೆ ಅವಲಂಬಿಸಿದೆ" ಅಂತ ಪ್ರತಿ ಸಲ ಎಚ್ಚರಿಸುತ್ತದೆ. ಹಳದಿ ಬಣ್ಣದ ಸಾಲು ಓದುವ ವ್ಯವಧಾನ ಯಾರಿಗಿದೆ?

ಕೆಟ್ಟ ಅಕ್ಷರಗಳಲ್ಲಿ ಎರಡು ಜಾತಿ. ಪರದೆಯ ಮೇಲೆ ತಲೆಗೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ, ಚುಕ್ಕಿ, ವರ್ಗದ ಚಿಹ್ನೆ ಕಂಡರೆ ಗಾಬರಿ ಬೇಡ. ಬೈಟ್‌ಗಳು ಇನ್ನೂ ಇರಬಹುದು, ಓದಿದ ಲೆಕ್ಕ ತಪ್ಪಿದೆ. ಬಹಳಷ್ಟು ಸಲ ಹಿಂದಕ್ಕೆ ತರಬಹುದು. "ಬಹಳಷ್ಟು" ಅಂತ ಬೇಕೆಂದೇ ಹೇಳುತ್ತಿದ್ದೇನೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಹಲಂತದ ಮೂರನೇ ಬೈಟ್ 141. ವಿಂಡೋಸ್ 1252ರಲ್ಲಿ ಆ ಸಂಖ್ಯೆಯ ಮನೆ ಖಾಲಿ. ಆ ದಾರಿಯಲ್ಲಿ ಹಾದುಬಂದ ಒತ್ತಕ್ಷರ ವಾಪಸ್ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಇನ್ನು ಬರೀ ಪ್ರಶ್ನೆ ಚಿಹ್ನೆ ಫೈಲ್‌ನಲ್ಲೇ ಕೂತಿದ್ದರೆ ಅಲ್ಲಿ ಹುಡುಕಲು ಏನೂ ಉಳಿದಿಲ್ಲ. ಬ್ಯಾಕಪ್ ಹುಡುಕಿ.

ಸಂಘದ ಕಥೆಯಲ್ಲಿ ಮುಖ್ಯ ಕಚೇರಿಯ ಡೇಟಾಬೇಸ್ ಸರಿಯಾಗಿಯೇ ಇತ್ತು. ರಾತ್ರಿ ಅದರಿಂದ ಟೆಕ್ಸ್ಟ್ ಫೈಲ್ ತೆಗೆದು ಶಾಖೆಗೆ ತುಂಬುತ್ತಿದ್ದರು. ಶನಿವಾರ, ಭಾನುವಾರ ಎರಡು ರಾತ್ರಿ ಶಾಖೆಗೆ ತುಂಬಿದ್ದು ಪ್ರಶ್ನೆ ಚಿಹ್ನೆ. ಮತ್ತೊಮ್ಮೆ ತುಂಬಿಸಿ ಮುಗಿಸಿದೆವು. ಅದೃಷ್ಟ ಚೆನ್ನಾಗಿತ್ತು.

ಮಾಡಬೇಕಾದ್ದು ಕಷ್ಟವೇನಲ್ಲ. ಫೈಲ್ ಓದುವ, ಬರೆಯುವ ಪ್ರತಿ ಜಾಗದಲ್ಲಿ ಯುಟಿಎಫ್-8 ಅಂತ ಕೋಡ್‌ನಲ್ಲೇ ಬರೆಯಿರಿ. ಫೈಲ್ ಬರೆಯುವ ಜಾವಾದ ಫೈಲ್‌ರೈಟರ್‌ಗೆ ನೇರವಾಗಿ ಹೇಳುವ ಸೌಲಭ್ಯ ಬಂದಿದ್ದು ಜಾವಾ 11ರಲ್ಲಿ. ಹಳೆಯದಾದರೆ ಔಟ್‌ಪುಟ್‌ಸ್ಟ್ರೀಮ್‌ರೈಟರ್ ಬಳಸಿ. ಕೋಡ್ ಮುಟ್ಟಲು ಆಗದಿದ್ದರೆ ಟಾಮ್‌ಕ್ಯಾಟ್‌ನ ಬಿನ್ ಫೋಲ್ಡರ್‌ನಲ್ಲಿ ಸೆಟ್‌ಎನ್ವ್ ಫೈಲ್ ಮಾಡಿ ಆ ಫೈಲ್.ಎನ್‌ಕೋಡಿಂಗ್ ಸೆಟ್ಟಿಂಗನ್ನು ಅಲ್ಲಿ ಹಾಕಿ. ಹಳೇ ಜಾವಾಗಳಲ್ಲಿ ಇದು ಅಧಿಕೃತವಾಗಿ ಬೆಂಬಲವಿದ್ದ ದಾರಿ ಅಲ್ಲ, ಆದರೆ ನಡೆಯುತ್ತದೆ. ಟೈಮ್‌ಝೋನ್ ಕೂಡ ಅಲ್ಲೇ ಹಾಕಿಬಿಡಿ. ಸರ್ವರ್ ಯುಟಿಸಿಯಲ್ಲಿದ್ದರೆ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ರಾತ್ರಿ 12ರಿಂದ ಬೆಳಗ್ಗೆ 5:30ರವರೆಗಿನ ಜಮೆಯೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗಿ ಕೂರಬಹುದು.

ಅಪ್ಲಿಕೇಶನ್ನನ್ನು ಅದರ ಸುತ್ತಲಿನ ಸೆಟ್ಟಿಂಗ್ ಸಮೇತ ಕಟ್ಟಿಕೊಡುವ ಡಾಕರ್ ಬಂದ ಮೇಲೆ ಈ ಕಾಟ ತಪ್ಪಿತು ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಆ ಗಂಟಿಗೆ ಅಡಿಪಾಯವಾಗುವ ಎಷ್ಟೋ ಬೇಸ್ ಇಮೇಜ್‌ಗಳಲ್ಲಿ ಲ್ಯಾಂಗ್ ಇರುವುದೇ ಇಲ್ಲ.

2022ರಲ್ಲಿ ಬಂದ ಜಾವಾ 18ರಿಂದ ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲೂ ಡೀಫಾಲ್ಟ್ ಯುಟಿಎಫ್-8. ಸುದ್ದಿ ಕೇಳಿ ನಮ್ಮ ಹುಡುಗ ಖುಷಿಯಿಂದ ಜಾವಾ 21ಕ್ಕೆ ಹೋದ. ಮೊನ್ನೆ ಮತ್ತೆ ಫೋನ್. ಸದಸ್ಯರು ಅಪ್‌ಲೋಡ್ ಮಾಡುವ "ಪಹಣಿ" ಎಂಬ ಹೆಸರಿನ ಪಿಡಿಎಫ್ ಸೇವ್ ಆಗುತ್ತಿಲ್ಲ, ಇಂಗ್ಲಿಷ್ ಹೆಸರಿನದು ಆಗುತ್ತಿದೆ. ಫೈಲ್ ಒಳಗಿನ ಅಕ್ಷರಕ್ಕೆ ಹೊಸ ಡೀಫಾಲ್ಟ್ ಬಂತು ನಿಜ. ಫೈಲ್‌ನ ಹೆಸರನ್ನು ಜಾವಾ ಲಿನಕ್ಸ್‌ಗೆ ಹೇಳುವಾಗ ಈಗಲೂ ಅದೇ ಲ್ಯಾಂಗ್ ನೋಡುತ್ತದೆ.

"ಸ್ಟಾರ್ಟ್ ಮಾಡಿದ್ದು ಯಾರಪ್ಪಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಕ್ರಾನ್, ಮೇಡಂ."