ಒಂದು ಸಾಫ್ಟ್‌ವೇರ್‌ಗಾಗಿ ವಿಂಡೋಸ್ ಬಿಡಬೇಕಾ?

ಪ್ರಶ್ನೆ: ನನಗೆ ಬೇಕಾದ ಸಾಫ್ಟ್‌ವೇರ್ ಲಿನಕ್ಸ್‌ನಲ್ಲೇ ಚೆನ್ನಾಗಿ ಓಡುತ್ತೆ ಅಂತಾರೆ. ನಾನು ಲಿನಕ್ಸ್ ಮುಟ್ಟಿಯೇ ಇಲ್ಲ. ವಿಂಡೋಸ್ ತೆಗೆದುಬಿಡಲಾ?

ಉತ್ತರ: ತಡೆಯಿರಿ, ಇನ್ನೂ ತೆಗೆಯಬೇಡಿ. ಮೊದಲು ಆ ಸಾಫ್ಟ್‌ವೇರ್‌ನ ಡೌನ್‌ಲೋಡ್ ಪುಟ ನೋಡಿ. ನಕ್ಷೆಗಳ ಕ್ಯೂಜಿಐಎಸ್, 3ಡಿ ಚಿತ್ರಗಳ ಬ್ಲೆಂಡರ್, ಅಂಕಿಅಂಶಗಳ ಆರ್ ಇವೆಲ್ಲ ವಿಂಡೋಸ್‌ನಲ್ಲೂ ಆರಾಮಾಗಿ ಓಡುತ್ತವೆ. ನಿಮ್ಮದು ಅಂಥದ್ದಾದರೆ ಮಾತು ಅಲ್ಲಿಗೇ ಮುಗಿಯಿತು.

ದ್ರವ, ಗಾಳಿಯ ಹರಿವಿನ ಲೆಕ್ಕ ಹಾಕುವ ಓಪನ್‌ಫೋಮ್, ಅಣುಗಳ ಚಲನೆಯ ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ಥರದವುಗಳ ಕತೆ ಬೇರೆ. ಅವು ಲಿನಕ್ಸ್‌ನಲ್ಲೇ ಬೆಳೆದವು. ಯಾರ ಹತ್ತಿರ ಸಹಾಯ ಕೇಳಿದರೂ ಲಿನಕ್ಸ್ ಕಮಾಂಡ್‌ನಲ್ಲೇ ಉತ್ತರ ಬರುತ್ತದೆ. ಮುಂದೆ ದೊಡ್ಡ ಲೆಕ್ಕಗಳಿಗೆ ಸೂಪರ್‌ಕಂಪ್ಯೂಟರ್ ಸಿಕ್ಕರೆ ಅಲ್ಲೂ ಇದೇ: 2017ರ ನವೆಂಬರ್ ಹೊತ್ತಿಗೆ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯ 500 ಯಂತ್ರಗಳೂ ಲಿನಕ್ಸ್‌ನವೇ ಆಗಿದ್ದವು. ಹಾಗಾಗಿ ಕಲಿತದ್ದು ದಂಡವಾಗುವುದಿಲ್ಲ.

ಆದರೆ ಕಲಿಯಲು ವಿಂಡೋಸ್ ಅಳಿಸಬೇಕಾಗಿಲ್ಲ. ವಿಂಡೋಸ್ 10, 11ರಲ್ಲಿ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯವಿದೆ. ಒಂದು ಸಾಲಿನ ಕಮಾಂಡ್, ಒಂದು ರೀಸ್ಟಾರ್ಟ್, ಅಷ್ಟೇ. ವಿಂಡೋಸ್ ಒಳಗೇ ಉಬುಂಟು (ಲಿನಕ್ಸ್‌ನ ಒಂದು ಬಗೆ) ಬಂದು ಕೂರುತ್ತದೆ. ಡಬ್ಲ್ಯುಎಸ್‌ಎಲ್‌ನ ಎರಡನೇ ಆವೃತ್ತಿಯಲ್ಲಿ ಓಡುವುದು ನಿಜವಾದ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಹಿಡಿಸದಿದ್ದರೆ ತೆಗೆದುಹಾಕಿ, ವಿಂಡೋಸ್‌ಗೆ ನಷ್ಟವೇನಿಲ್ಲ. ಒಂದು ಎಚ್ಚರ ಮಾತ್ರ: ಕೆಲಸದ ಫೈಲುಗಳನ್ನು ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಸಿ ಡ್ರೈವ್‌ನಲ್ಲಿಟ್ಟು ಅಲ್ಲಿಂದ ಓದಿಸಿದರೆ ಎಲ್ಲವೂ ತೆವಳುತ್ತದೆ. ಆಮೇಲೆ ಬೈಗುಳ ಲಿನಕ್ಸ್‌ಗೆ!

ಫೈಲ್ ಹೆಸರುಗಳಲ್ಲಿ ಖಾಲಿ ಜಾಗ ಬಿಡಬೇಡಿ. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸ್‌ಗೆ ಬೇರೆ ಬೇರೆ ಎಂಬುದೂ ನೆನಪಿರಲಿ. ಸುಮ್ನೆ ಹೇಳುತ್ತಿಲ್ಲ, ಫೋಲ್ಡರ್ ಹೆಸರಿನಲ್ಲಿದ್ದ ಒಂದೇ ಒಂದು ಖಾಲಿ ಜಾಗ ನನ್ನ ಇಡೀ ಮಧ್ಯಾಹ್ನ ತಿಂದಿದೆ.

ಇನ್ನು, ಸಾಲಿಡ್‌ವರ್ಕ್ಸ್, ಫೋಟೋಶಾಪ್ ಕೂಡ ದಿನಾ ಬೇಕಾ? ಅವಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಪ್ರಯತ್ನಿಸಬಹುದು, ನಾನಂತೂ ಅದನ್ನು ನಂಬಿ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಕೆಲವು ತಿಂಗಳಾದ ಮೇಲೂ ದಿನದ ಜಾಸ್ತಿ ಹೊತ್ತು ಉಬುಂಟುವಿನಲ್ಲೇ ಕಳೆಯುತ್ತಿದ್ದರೆ, ಆಗ ಡ್ಯುಯಲ್ ಬೂಟ್ ಯೋಚಿಸಿ, ಅಂದರೆ ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟು, ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವುದು. ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಯನ್ನೇ ಆರಿಸಿ, 5 ವರ್ಷ ಅಪ್‌ಡೇಟ್ ಸಿಗುತ್ತದೆ. ಡಿಸ್ಕ್ ಮುಟ್ಟುವ ಮುಂಚೆ ಬ್ಯಾಕಪ್ ಮಾಡಿ, ವಿಂಡೋಸ್ ಡಿಸ್ಕಿಗೆ ಹಾಕುವ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬರೆದಿಡುವುದು ಅದೇ ಲ್ಯಾಪ್‌ಟಾಪ್‌ನಲ್ಲಲ್ಲ, ಕಾಗದದ ಮೇಲೆ.